ಹಳೆಯ ಸ್ಟುಡಿಯೊ ಮೈಕು ಚಟಪಟ ಅಂದರೆ ಮೊದಲು ಏನು ನೋಡಬೇಕು?

ಜುಲೈ ತಿಂಗಳು. ಮುಂಬೈ ಹತ್ತಿರದ ಡೊಂಬಿವಲಿಯ ಪುಟ್ಟ ಸ್ಟುಡಿಯೊ. ಭಾವಗೀತೆಯ ರೆಕಾರ್ಡಿಂಗ್ ನಡೆದಿತ್ತು. ಹಾಡುವವರು ಪಲ್ಲವಿ ಮುಗಿಸಿ ಉಸಿರು ಬಿಟ್ಟ ಕೂಡಲೇ ಹೆಡ್‌ಫೋನಿನಲ್ಲಿ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಸದ್ದು. ಮೈಕು 1970ರ ದಶಕದ, ಜರ್ಮನಿಯ ನ್ಯೂಮನ್ ಕಂಪನಿಯ ಯು 87. ಸ್ಟುಡಿಯೊ ಯಜಮಾನರು ನಮ್ಮ ಉಡುಪಿ ಕಡೆಯವರು, ನನಗಿಂತ ಹಿರಿಯರು. ರಾತ್ರಿ ಫೋನ್ ಮಾಡಿ, "ಮಾರಾಯ, ಇದರ ಕೆಪಾಸಿಟರ್ ಎಲ್ಲ ಹೋಗಿದೆಯಂತೆ, ಪೂರ್ತಿ ಬದಲಾಯಿಸಬೇಕಂತೆ. ನೀನೊಮ್ಮೆ ನೋಡ್ತೀಯಾ?" ಅಂದರು. ನೋಡಿದೆ. ಒಂದು ಕೆಪಾಸಿಟರೂ ಹೋಗಿರಲಿಲ್ಲ. ಎರಡು ದಿನ ಒಣ ಡಬ್ಬಿಯಲ್ಲಿಟ್ಟು, ಒಳಗೆ ಒಂದು ಕಡೆ ಕೂತಿದ್ದ ಕೊಳೆ ಒರೆಸಿದ ಮೇಲೆ ಮೈಕು ಸುಮ್ಮನಾಯಿತು.

ಹಳೆಯ ಮೈಕಿನ ಬಿಡಿಭಾಗಗಳಿಗೆ ವಯಸ್ಸಾಗುವುದು ನಿಜ. ಐವತ್ತು ವರ್ಷದ ಕೆಪಾಸಿಟರ್ ಒಣಗುತ್ತದೆ, ರೆಸಿಸ್ಟರ್ ತನ್ನ ಅಳತೆ ಬಿಟ್ಟು ಸರಿಯುತ್ತದೆ. ಆದರೆ ಸಮುದ್ರದ ಮಗ್ಗುಲಲ್ಲಿರುವ ಮುಂಬೈ ಕಡೆ ಮೊದಲ ಅನುಮಾನ ತೇವದ ಮೇಲೆ ಹೋಗಬೇಕು. ತೇವ ತೆಗೆದ ಮೇಲೂ ತೊಂದರೆ ಉಳಿದರೆ ಆಗ ಒಂದೊಂದೇ ಭಾಗವನ್ನು ಪರೀಕ್ಷಿಸಬೇಕು. ಕೆಟ್ಟದ್ದು ಯಾವುದು ಅಂತ ಗೊತ್ತಾಗುವ ಮೊದಲೇ ಎಲ್ಲವನ್ನೂ ಕಿತ್ತು ಹೊಸದು ಹಾಕಿದರೆ ಮೈಕಿನ ದನಿಯನ್ನೇ ಕಳೆದುಕೊಳ್ಳುತ್ತೀರಿ. ಸೋಲ್ಡರಿಂಗ್ ಐರನ್ ಹಿಡಿದು ಅಭ್ಯಾಸ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ಅಭ್ಯಾಸ ಇಲ್ಲದವರು ಮೈಕು ಬಿಚ್ಚುವವರೆಗಿನ ಹೆಜ್ಜೆಗಳನ್ನು ಧೈರ್ಯವಾಗಿ ಮಾಡಬಹುದು.

ಒಳಗೆ ನಡೆಯುವುದೇನು

ಕಂಡೆನ್ಸರ್ ಮೈಕಿನ ಕ್ಯಾಪ್ಸೂಲ್ ಅಂದರೆ ಚಿನ್ನದ ಲೇಪ ಇರುವ ತೆಳು ಪೊರೆ, ಅದರ ಹಿಂದೆ ಒಂದು ಲೋಹದ ತಟ್ಟೆ. ಎರಡೂ ಸೇರಿ ಒಂದು ಕೆಪಾಸಿಟರ್. ಸಾಮಾನ್ಯವಾಗಿ 50ರಿಂದ 100 ಪಿಕೊಫ್ಯಾರಡ್, ಅಷ್ಟೇ. ಅಲ್ಲಿಂದ ಬರುವ ಸಿಗ್ನಲ್ ಬಹಳ ನಾಜೂಕು. ಅದನ್ನು ಕೇಬಲ್‌ನಲ್ಲಿ ಕಳಿಸುವ ಮಟ್ಟಕ್ಕೆ ತರಲು ಒಂದು ವಾಲ್ವ್ (ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆ) ಅಥವಾ ಎಫ್‌ಇಟಿ ಅನ್ನುವ ಬಗೆಯ ಟ್ರಾನ್ಸಿಸ್ಟರ್ ಬೇಕು. ನ್ಯೂಮನ್‌ನವರದ್ದೇ 1960ರ ಯು 67ರಲ್ಲಿ ಇಎಫ್ 86 ವಾಲ್ವ್ ಇತ್ತು. 1967ರಲ್ಲಿ ಬಂದ ಯು 87ರಲ್ಲಿ ಆ ಜಾಗಕ್ಕೆ ಎಫ್‌ಇಟಿ ಬಂತು.

ಕ್ಯಾಪ್ಸೂಲಿಗೆ ವೋಲ್ಟೇಜ್ ಕೊಡುವ ರೆಸಿಸ್ಟರ್‌ಗಳ ಅಳತೆ ನೂರಾರು ಮೆಗಾಓಮ್, ಕೆಲವು ಕಡೆ 1 ಗಿಗಾಓಮ್. ಇಷ್ಟು ದೊಡ್ಡ ಅಳತೆ ಯಾಕೆ ಅಂತ ಒಂದು ಲೆಕ್ಕದಲ್ಲಿ ಹೇಳುತ್ತೇನೆ. 50 ಪಿಕೊಫ್ಯಾರಡ್ ಕ್ಯಾಪ್ಸೂಲಿನ ಜೊತೆ 1 ಗಿಗಾಓಮ್ ಇದ್ದರೆ ಬೇಸ್, ಅಂದರೆ ತಗ್ಗಿನ ದನಿ, ಇಳಿಯಲು ಶುರುವಾಗುವುದು ಸುಮಾರು 3 ಹರ್ಟ್ಸ್‌ನಲ್ಲಿ. ಅದು ಕಿವಿಗೆ ಕೇಳುವುದೇ ಇಲ್ಲ. ಅದೇ ಜಾಗದಲ್ಲಿ ಕೊಳೆ, ತೇವ, ಬೆರಳಿನ ಬೆವರು ಸೇರಿ 50 ಮೆಗಾಓಮ್‌ನಷ್ಟು ಸೋರಿಕೆಯಾದರೆ ಬೇಸ್ ಸುಮಾರು 64 ಹರ್ಟ್ಸ್‌ನಲ್ಲೇ ಇಳಿಯತೊಡಗುತ್ತದೆ. ತಬಲಾದ ಬಾಯಾಂ ತೆಳುವಾಗುತ್ತದೆ, ತಂಬೂರಿಯ ಮಂದ್ರ ಸೊರಗುತ್ತದೆ. ಹಿಸ್, ಅಂದರೆ ಸುಯ್ ಅನ್ನುವ ಹಿನ್ನೆಲೆ ಸದ್ದು, ಕೂಡ ಜಾಸ್ತಿಯಾಗುತ್ತದೆ. 50 ಮೆಗಾಓಮ್ ಅನ್ನುವುದು ಬೇರೆ ಬಹುಪಾಲು ಸರ್ಕ್ಯೂಟುಗಳಲ್ಲಿ ಸೋರಿಕೆ ಅನ್ನಿಸಿಕೊಳ್ಳದ ಅಳತೆ. ಇಲ್ಲಿ ಅದೇ ರೋಗ.

ಮೊದಲ ಹೆಜ್ಜೆ: ಮೈಕು ಬಿಚ್ಚಬೇಡಿ

ಮೊದಲು ಕೇಬಲ್ ಬದಲಾಯಿಸಿ. ಆಮೇಲೆ ಮೈಕಿನ ಸಿಗ್ನಲ್ ಹಿಗ್ಗಿಸುವ ಪ್ರಿಆಂಪ್‌ನ ಚಾನಲ್ ಬದಲಾಯಿಸಿ. ಅದೇ ಚಾನಲ್‌ಗೆ ಬೇರೆ ಮೈಕು ಹಾಕಿ ಕೇಳಿ. ಎಕ್ಸ್‌ಎಲ್‌ಆರ್ ಕನೆಕ್ಟರಿನ ಮೂರು ಪಿನ್‌ಗಳು ಕಪ್ಪಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಮೈಕಿನ ಒಳಗೆ ಸ್ಪ್ರೇ ಮಾಡಬೇಡಿ, ಯಾವ ಕಾರಣಕ್ಕೂ.

ಈಗ ಮಲ್ಟಿಮೀಟರ್ ತೆಗೆಯಿರಿ. ಮೈಕು ಇಲ್ಲದೆ ಕೇಬಲ್ ತುದಿಯಲ್ಲಿ 1ನೇ ಪಿನ್‌ನಿಂದ 2ಕ್ಕೆ, 1ರಿಂದ 3ಕ್ಕೆ ಅಳೆಯಿರಿ. ಫ್ಯಾಂಟಮ್ ಪವರ್, ಅಂದರೆ ಪ್ರಿಆಂಪ್ ಅದೇ ಕೇಬಲ್ ಮೂಲಕ ಮೈಕಿಗೆ ಕಳಿಸುವ ಕರೆಂಟ್, ಸರಿಯಿದ್ದರೆ ಎರಡೂ ಕಡೆ 48 ವೋಲ್ಟ್, ನಾಲ್ಕು ವೋಲ್ಟ್ ಹೆಚ್ಚುಕಮ್ಮಿ ಇರಬಹುದು. ಮೈಕು ಹಾಕಿ ಮತ್ತೆ ಅಳೆಯಿರಿ. ಇದಕ್ಕೆ ಕನೆಕ್ಟರಿನ ಕವಚ ಸರಿಸಿ ಮೀಟರ್ ಮುಳ್ಳು ತಾಗಿಸಬಹುದು, ಅಥವಾ ಒಂದು ವೈ ಕೇಬಲ್ ಮಾಡಿಕೊಳ್ಳಬಹುದು.

ಫ್ಯಾಂಟಮ್ ಪವರ್ ಬರುವುದು ಎರಡು 6.8 ಕಿಲೊಓಮ್ ರೆಸಿಸ್ಟರ್ ಮೂಲಕ. ಎರಡೂ ಸೇರಿದರೆ 3.4 ಕಿಲೊಓಮ್. ಹಳೆಯ ಯು 87 ಅಥವಾ ನ್ಯೂಮನ್‌ನದ್ದೇ ಸಣ್ಣ ಮೈಕು ಕೆಎಂ 84 ಎಳೆಯುವುದು ಸುಮಾರು 0.4 ಮಿಲಿಆಂಪ್. ಅಂದರೆ ವೋಲ್ಟೇಜ್ ಒಂದೂವರೆ ವೋಲ್ಟ್ ಒಳಗೆ ಇಳಿಯಬೇಕು. ಮೈಕು ಹಾಕಿದ ಕೂಡಲೇ 48 ಇದ್ದದ್ದು 20ಕ್ಕೆ ಬಿದ್ದರೆ ಒಳಗೆ 8 ಮಿಲಿಆಂಪ್ ಹರಿಯುತ್ತಿದೆ ಅಂತ ಲೆಕ್ಕ. ಏನೋ ಶಾರ್ಟ್ ಆಗಿದೆ. ಹೆಚ್ಚಾಗಿ ಅದು ಟ್ಯಾಂಟಲಮ್ ಕೆಪಾಸಿಟರ್. ಒಂದಿಷ್ಟೂ ಇಳಿಯದಿದ್ದರೆ ಕರೆಂಟ್ ಒಳಗೆ ತಲುಪುತ್ತಲೇ ಇಲ್ಲ. 2 ಮತ್ತು 3ನೇ ಪಿನ್ ನಡುವೆ ಒಂದು ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಕನೆಕ್ಟರ್, ಕೇಬಲ್ ಅಥವಾ ಪ್ರಿಆಂಪ್‌ನ ರೆಸಿಸ್ಟರ್ ನೋಡಿ. ಸ್ಕ್ರೂ ಬಿಚ್ಚದೆ ಇಷ್ಟೆಲ್ಲ ಗೊತ್ತಾಗುತ್ತದೆ. ಈ ಅಳತೆ ಮಾಡದೆ ಮೈಕು ಬಿಚ್ಚುವವರ ಕೈಗೆ ನಾನು ನನ್ನ ಮೈಕು ಕೊಡುವುದಿಲ್ಲ.

ಎರಡನೇ ಹೆಜ್ಜೆ: ಒಣಗಿಸಿ

ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೋಮೀಟರ್. ಒಳಗಿನ ತೇವಾಂಶ ಶೇಕಡ 40ರಿಂದ 50ಕ್ಕೆ ಇಳಿಯಲಿ. 48 ಗಂಟೆ ಬಿಡಿ. ಕ್ಯಾಮೆರಾ ಲೆನ್ಸ್‌ಗೆ ಬಳಸುವ ಡ್ರೈ ಕ್ಯಾಬಿನೆಟ್ ಇದ್ದರೆ ಇನ್ನೂ ಒಳ್ಳೆಯದು. ಸಿಲಿಕಾ ಜೆಲ್‌ನಲ್ಲಿ ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಹೀರಿದಾಗ ಹಸಿರಾಗುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಮನೆಯಲ್ಲಿ ಮಕ್ಕಳಿದ್ದರೆ ಬೇಡವೇ ಬೇಡ.

ಅಕ್ಕಿ ಡಬ್ಬಿಯಲ್ಲಿ ಹುಗಿಯುವುದು, ಹೇರ್ ಡ್ರೈಯರ್ ಹಿಡಿಯುವುದು, ಬಿಸಿಲಿಗೆ ಇಡುವುದು, ಇವು ಮೂರೂ ತಪ್ಪು. ಅಕ್ಕಿಯ ಹಿಟ್ಟು ಜಾಲರಿಯೊಳಗೆ ಹೋಗುತ್ತದೆ. ಬಿಸಿ ತಾಗಿದರೆ ಪೊರೆಯ ಬಿಗಿ ಬದಲಾಗುತ್ತದೆ.

ತೇವ ಒಳಗೆ ಹೋಗುವ ದಾರಿಯೂ ಗೊತ್ತಿರಲಿ. ಮಳೆಗಾಲದಲ್ಲಿ ಮುಂಬೈಯ ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ, 25 ಡಿಗ್ರಿ ಆಸುಪಾಸು ಇರುತ್ತದೆ. ಸ್ಟುಡಿಯೊ ಎಸಿ 22ರಲ್ಲಿ ಓಡುತ್ತಿರುತ್ತದೆ. ಆ ತಣ್ಣನೆಯ ಮೈಕನ್ನು ಹಾಗೇ ಹೊರಗೆ ತಂದರೆ ಫ್ರಿಜ್‌ನಿಂದ ತೆಗೆದ ಬಾಟಲಿಯ ಮೇಲೆ ಕೂತಂತೆ ಅದರ ಮೇಲೂ ನೀರು ಕೂರುತ್ತದೆ, ಒಳಗೂ ಕೂರುತ್ತದೆ. ಅದಕ್ಕೆ ಎಸಿ ಕೋಣೆಯೊಳಗೇ ಪೆಟ್ಟಿಗೆಗೆ ಹಾಕಿ, ಮುಚ್ಚಿ, ಹೊರಗೆ ತಂದ ಮೇಲೆ ಒಂದು ಗಂಟೆ ತೆರೆಯದೆ ಬಿಡಿ. ವರ್ಸೋವಾ, ಮಾಹಿಮ್ ಕಡೆ ಕಡಲಿಗೆ ಹತ್ತಿರ ಇರುವವರಿಗೆ ಉಪ್ಪಿನ ಗಾಳಿಯ ಕಾಟ ಬೇರೆ. ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಒಣಗಿಸಿದ ಮೈಕೂ ಅಲ್ಲಿ ಬೇಗ ಮತ್ತೆ ಚಟಪಟ ಶುರುಮಾಡುತ್ತದೆ.

ಮೂರನೇ ಹೆಜ್ಜೆ: ಕಿವಿ ಕೊಡಿ

ಒಣಗಿದ ಮೇಲೆ ನಿಶ್ಶಬ್ದ ಕೋಣೆಯಲ್ಲಿ ಮೈಕು ಇಟ್ಟು, ಗೇನ್ ಏರಿಸಿ, ಹತ್ತು ನಿಮಿಷ ರೆಕಾರ್ಡ್ ಮಾಡಿ. ಸದ್ದುಗಳಿಗೆ ಬೇರೆ ಬೇರೆ ಗುರುತು ಇದೆ.

ಸಾಸಿವೆ ಸಿಡಿದಂಥ ಸದ್ದು, ಅದೂ ಹಾಡುವವರ ಉಸಿರು ತಾಗಿದಾಗ ಜಾಸ್ತಿಯಾಗುವಂಥದ್ದು, ಕ್ಯಾಪ್ಸೂಲಿನ ಅಥವಾ ಅದರ ಅಕ್ಕಪಕ್ಕದ ತೇವ ಮತ್ತು ಕೊಳೆ. ಆನ್ ಮಾಡಿದ ಕೂಡಲೇ ಗುಡುಗುಡು ಅಂದು ಕೆಲವು ನಿಮಿಷಗಳಲ್ಲಿ ತಣ್ಣಗಾದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಸೋರುತ್ತಿದೆ. ತುಂಬ ದಿನ ಕರೆಂಟ್ ಕಾಣದ ಮೈಕಿನಲ್ಲಿ ಇದು ಸಾಮಾನ್ಯ, ವೋಲ್ಟೇಜ್ ಸಿಕ್ಕಾಗ ಅದರ ಒಳಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಪ್ರತಿ ಸಲವೂ ಹೀಗೇ ಆದರೆ ಆ ಕೆಪಾಸಿಟರಿನ ಕಾಲ ಮುಗಿಯಿತು. ಸದಾ ಒಂದೇ ಮಟ್ಟದ ಸುಯ್ ಅನ್ನುವ ಹಿಸ್ ಬಂದರೆ ದೊಡ್ಡ ರೆಸಿಸ್ಟರ್ ಅಥವಾ ಎಫ್‌ಇಟಿ. ಜೋಳ ಹುರಿದ ಹಾಗೆ ಪಟ್, ಪಟ್ ಅಂತ ಒಂದೇ ಎತ್ತರದ ಸದ್ದು ಬಿಟ್ಟು ಬಿಟ್ಟು ಬಂದರೆ ಎಫ್‌ಇಟಿ ಮೇಲೆ ಅನುಮಾನ ಪಡಿ. ಮೈಕಿನ ಮೈಗೆ ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿದಾಗ ಮಾತ್ರ ಕರಕರ ಅಂದರೆ ಬಿಟ್ಟ ಸೋಲ್ಡರ್ ಅಥವಾ ಸಡಿಲ ಸ್ಕ್ರೂ. ಮುಂದಿನ ಸದ್ದು ಮಾತ್ರ ಹಿಡಿಯುವ ಕಾರ್ಡಿಯಾಯ್ಡ್‌ನಲ್ಲಿ ಸರಿಯಿದ್ದು, ಹಿಂದೆ ಮುಂದೆ ಎರಡೂ ಕಡೆ ಹಿಡಿಯುವ ಫಿಗರ್ ಎಯ್ಟ್‌ನಲ್ಲಿ ಹಿಂದುಗಡೆ ಸತ್ತಿದ್ದರೆ ಕ್ಯಾಪ್ಸೂಲಿನ ಹಿಂಭಾಗ, ಅಥವಾ ಅದಕ್ಕೆ ವೋಲ್ಟೇಜ್ ಕೊಡುವ ಭಾಗ ಕೆಟ್ಟಿದೆ.

ನಾಲ್ಕನೇ ಹೆಜ್ಜೆ: ಬಿಚ್ಚುವುದು, ಒರೆಸುವುದು

ಫ್ಯಾಂಟಮ್ ತೆಗೆದು ಐದು ನಿಮಿಷ ಕಾಯಿರಿ. ಬೆಳಕು ಚೆನ್ನಾಗಿರುವ ಮೇಜು, ಬಿಳಿ ಬಟ್ಟೆ, ತಲೆಯ ಮೇಲಿನ ಫ್ಯಾನ್ ಆಫ್. ಪ್ರತಿ ಸ್ಕ್ರೂ ತೆಗೆದಾಗಲೂ ಫೋಟೊ ತೆಗೆಯಿರಿ. ಜಾಲರಿ ತೆಗೆದ ಕ್ಷಣದಿಂದ ಕ್ಯಾಪ್ಸೂಲಿನ ಹತ್ತಿರ ಮಾತಾಡಬೇಡಿ, ಊದಬೇಡಿ, ಸ್ಕ್ರೂಡ್ರೈವರ್ ತರಬೇಡಿ. ಮೊದಲಿನ ಯು 87ಗಳಲ್ಲಿ 22.5 ವೋಲ್ಟ್‌ನ ಎರಡು ಬ್ಯಾಟರಿ ಹಾಕುವ ಜಾಗ ಇತ್ತು. ಯಾರೋ ಯಾವಾಗಲೋ ಬಿಟ್ಟುಹೋದ ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿದೆಯಾ ನೋಡಿ.

ಕ್ಯಾಪ್ಸೂಲಿನ ತಂತಿ ಬಂದು ಸೇರುವ ಜಾಗ, ಎಫ್‌ಇಟಿಯ ಗೇಟ್ (ಸಿಗ್ನಲ್ ಒಳಹೋಗುವ ಕಾಲು), ದೊಡ್ಡ ರೆಸಿಸ್ಟರ್‌ಗಳು, ಇವೆಲ್ಲ ಒಂದೇ ಕಡೆ ಗುಂಪಾಗಿರುತ್ತವೆ. ಹಲವು ಮೈಕುಗಳಲ್ಲಿ ಟೆಫ್ಲಾನ್ ಗೂಟಗಳ ಮೇಲೆ ಕೂತಿರುತ್ತವೆ. ರಿಪೇರಿಯ ಅರ್ಧ ಗೆಲುವು ಇರುವುದು ಈ ಜಾಗದಲ್ಲಿ. ಶೇಕಡ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿಯ ಕಡ್ಡಿ, ಸಣ್ಣ ಮೆತ್ತನೆಯ ಬ್ರಷ್. ಗೂಟದ ಸುತ್ತ, ರೆಸಿಸ್ಟರಿನ ಮೈ, ಹಳೆಯ ಸೋಲ್ಡರಿನ ಕಂದು ಫ್ಲಕ್ಸ್, ಎಲ್ಲ ಒರೆಸಿ. ಕಡ್ಡಿ ಕಪ್ಪಾದರೆ ಬಿಸಾಡಿ ಹೊಸದು ತಗೊಳ್ಳಿ. ಆಮೇಲೆ ಬರಿ ಬೆರಳು ತಾಗಿಸಬೇಡಿ, ಬೆರಳಿನ ಗುರುತೇ ಸೋರಿಕೆಯ ದಾರಿ. ಅಸಿಟೋನ್, ಥಿನ್ನರ್ ಹತ್ತಿರಕ್ಕೂ ಬರಬಾರದು, ಪಾಲಿಸ್ಟೈರೀನ್ ಕೆಪಾಸಿಟರ್‌ಗಳು ಕರಗಿಹೋಗುತ್ತವೆ. ಒರೆಸಿದ ಮೇಲೆ ಮತ್ತೆ ಒಂದು ರಾತ್ರಿ ಒಣ ಡಬ್ಬಿ. ಆಮೇಲೆ ಕೇಳಿ.

ನನ್ನ ಕೈಗೆ ಬಂದ ಮೈಕುಗಳಲ್ಲಿ ಬಹಳಷ್ಟು ಇಲ್ಲಿಗೇ ಸರಿಹೋಗಿವೆ.

ಸರಿಹೋಗದಿದ್ದರೆ ಕ್ಯಾಪ್ಸೂಲ್ ತಪ್ಪೋ ಸರ್ಕ್ಯೂಟ್ ತಪ್ಪೋ ಅಂತ ಬೇರ್ಪಡಿಸಬೇಕು. ಕ್ಯಾಪ್ಸೂಲಿನ ತಂತಿ ಬಿಡಿಸಿ, ಆ ಜಾಗಕ್ಕೆ 47 ಅಥವಾ 68 ಪಿಕೊಫ್ಯಾರಡ್‌ನ ಒಂದು ಪಾಲಿಸ್ಟೈರೀನ್ ಕೆಪಾಸಿಟರ್ ಹಾಕಿ. ಲೋಹದ ಕವಚ ಪೂರ್ತಿ ಮುಚ್ಚಿ, ಇಲ್ಲದಿದ್ದರೆ ಗುಂಯ್ ಅನ್ನುವ ಹಮ್ ಬಿಟ್ಟು ಬೇರೇನೂ ಕೇಳುವುದಿಲ್ಲ. ಸದ್ದು ಮುಂದುವರಿದರೆ ಸರ್ಕ್ಯೂಟ್. ನಿಂತರೆ ಕ್ಯಾಪ್ಸೂಲ್. ಕ್ಯಾಪ್ಸೂಲ್ ಅಂತಾದರೆ ದಯವಿಟ್ಟು ನೀವೇ ತೊಳೆಯಲು ಹೋಗಬೇಡಿ. ಆ ಚಿನ್ನದ ಲೇಪ ಹತ್ತಿಯ ಕಡ್ಡಿಗೂ ಎದ್ದುಬರುತ್ತದೆ. ಅದೇ ಕೆಲಸ ಮಾಡುವವರಿಗೆ ಕಳಿಸಿ. ನ್ಯೂಮನ್‌ನ ಹಳೆಯ ವಾಲ್ವ್ ಮೈಕು ಯು 47ರಲ್ಲಿ ಮೊದಮೊದಲು ಹಾಕುತ್ತಿದ್ದ ಎಂ7 ಕ್ಯಾಪ್ಸೂಲಿನ ಪೊರೆ ಪಿವಿಸಿಯದ್ದು. ವಯಸ್ಸಾದಂತೆ ಅದು ಗಡುಸಾಗಿ ಬಿರಿಯುತ್ತದೆ, ಅದಕ್ಕೆ ಹೊಸ ಪೊರೆಯೇ ಗತಿ.

ಐದನೇ ಹೆಜ್ಜೆ: ಒಂದು ಸಲಕ್ಕೆ ಒಂದೇ ಭಾಗ

ಹಿಂದೊಮ್ಮೆ ನನ್ನದೇ ಒಂದು ಕೆಎಂ 84 ಅನ್ನು ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆ. ಸಣ್ಣ ಹಿಸ್ ಇತ್ತು, ಅಷ್ಟೇ. ಒಳಗಿನ ಕೆಪಾಸಿಟರ್ ಎಲ್ಲ ತೆಗೆದು ಹೊಸದು ಹಾಕಿ ಕೊಟ್ಟರು. ಸಿಗ್ನಲ್ ದಾರಿಯಲ್ಲಿದ್ದ ಪಾಲಿಸ್ಟೈರೀನ್ ತೆಗೆದು ಸೆರಾಮಿಕ್ ಹಾಕಿದ್ದರು. ಮೈಕು ಸ್ಟ್ಯಾಂಡ್‌ಗೆ ಕೈ ತಾಗಿದರೂ ಟಿಂಗ್ ಅನ್ನುತ್ತಿತ್ತು. ಕೆಲವು ಬಗೆಯ ಸೆರಾಮಿಕ್‌ಗೆ ಆ ಗುಣ ಇದೆ, ಅದುರಿದರೆ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಹಳೆಯ ಭಾಗ ಕೇಳಿದರೆ ಕಸಕ್ಕೆ ಹಾಕಿದೆವು ಅಂದರು. ಆ ದಿನದ ಸಂಕಟ ಇನ್ನೂ ಮರೆತಿಲ್ಲ. ಹಿಸ್ ಮಾತ್ರ ಹಾಗೇ ಇತ್ತು!

ಅಂದಿನಿಂದ ನನ್ನ ಕ್ರಮ ಹೀಗಿದೆ.

ಎಲೆಕ್ಟ್ರೊಲಿಟಿಕ್ ಮೊದಲು. ಇದರೊಳಗಿನ ದ್ರವ ವರ್ಷಗಳಲ್ಲಿ ಆವಿಯಾಗುತ್ತದೆ. ಬಿಸಿ ಸುಮಾರು 10 ಡಿಗ್ರಿ ಏರಿದರೆ ಇದರ ಆಯುಸ್ಸು ಅರ್ಧಕ್ಕಿಳಿಯುತ್ತದೆ ಅನ್ನುವುದು ಕಸುಬಿನ ಲೆಕ್ಕ. ಒಂದು ಕಾಲು ಬಿಡಿಸಿ, ಕೆಪಾಸಿಟರಿನ ಒಳರೋಧ ತೋರಿಸುವ ಇಎಸ್‌ಆರ್ ಮೀಟರ್‌ನಿಂದ ಅಳೆಯಿರಿ. ಕೆಟ್ಟಿದ್ದರೆ ಅದೇ ಮೈಕ್ರೊಫ್ಯಾರಡ್‌ನದ್ದು ಹಾಕಿ. 48 ವೋಲ್ಟ್ ಬರುವ ಜಾಗಕ್ಕೆ 63 ವೋಲ್ಟ್‌ನದ್ದು ಬೇಕು, 50ರದ್ದು ಸಾಲದು. ಟ್ಯಾಂಟಲಮ್ ಹಾಕುವುದಿದ್ದರೆ ಪ್ಲಸ್ ಗುರುತು ಎರಡು ಸಲ ನೋಡಿ. ತಿರುಗುಮುರುಗಾದರೆ ಅದು ಶಾರ್ಟ್ ಆಗುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ.

ಪಾಲಿಸ್ಟೈರೀನ್, ಅಂದರೆ ಪಾರದರ್ಶಕ ಬೆಳ್ಳಿ ಸುರುಳಿಯಂತೆ ಕಾಣುವ ಸ್ಟೈರೊಫ್ಲೆಕ್ಸ್ ಕೆಪಾಸಿಟರ್, ಚೆನ್ನಾಗಿದ್ದರೆ ಅದನ್ನು ಮುಟ್ಟಲೇಬೇಡಿ. ಅದು ಹಾಳಾಗುವುದು ಕಮ್ಮಿ. ಅದರ ಶತ್ರು ನಿಮ್ಮ ಐರನ್. ಪಕ್ಕದಲ್ಲಿ ಸೋಲ್ಡರ್ ಮಾಡುವಾಗ ಅದರ ಕಾಲನ್ನು ಚಿಮುಟದಿಂದ ಹಿಡಿದುಕೊಳ್ಳಿ, ಬಿಸಿ ಚಿಮುಟಕ್ಕೆ ಹೋಗಲಿ. ಐರನ್ ತಾಗಿಸುವುದು ಎರಡು ಮೂರು ಸೆಕೆಂಡ್ ಮಾತ್ರ. ಹಳೆಯ ಬೋರ್ಡಿಗೆ 63/37 ಸೀಸದ ಸೋಲ್ಡರೇ ಹೊಂದುತ್ತದೆ.

ದೊಡ್ಡ ರೆಸಿಸ್ಟರ್ ಅಳೆಯುವಾಗ ಬಹಳ ಜನ ಮೋಸ ಹೋಗುತ್ತಾರೆ. ಮಾಮೂಲಿ ಮಲ್ಟಿಮೀಟರಿನ ಒಳರೋಧ 10 ಮೆಗಾಓಮ್. 1 ಗಿಗಾಓಮ್‌ನ ಆಚೆ ಇರುವ 48 ವೋಲ್ಟನ್ನು ಅದರಿಂದ ಅಳೆದರೆ ಅರ್ಧ ವೋಲ್ಟ್ ತೋರಿಸುತ್ತದೆ. ಕ್ಯಾಪ್ಸೂಲಿಗೆ ವೋಲ್ಟೇಜೇ ಬರ್ತಿಲ್ಲ ಅಂತ ಗಾಬರಿಯಾಗಿ ಒಳ್ಳೆಯ ಭಾಗ ಕಿತ್ತವರನ್ನು ನೋಡಿದ್ದೇನೆ. ರೆಸಿಸ್ಟರಿನ ಈಚೆ ಬದಿಯಲ್ಲಿ, ಅಂದರೆ ಫಿಲ್ಟರ್ ಕೆಪಾಸಿಟರ್ ಇರುವ ಕಡೆ ಅಳೆಯಿರಿ. ಅಲ್ಲೂ ನಡುವೆ ದೊಡ್ಡ ರೆಸಿಸ್ಟರ್ ಇದೆಯಾ ಅಂತ ಸರ್ಕ್ಯೂಟ್ ನಕ್ಷೆ ನೋಡಿ ಖಚಿತ ಮಾಡಿಕೊಳ್ಳಿ.

ಎಫ್‌ಇಟಿ ಕೊನೆಗೆ. ಯು 87ರಲ್ಲಿ ಬಳಸಿದ 2ಎನ್3819ರ ಡೇಟಾಶೀಟ್ ನೋಡಿದರೆ ಒಂದೇ ನಂಬರಿನ ಎರಡು ತುಂಡುಗಳ ನಡುವೆ ಕರೆಂಟ್ 2ರಿಂದ 20 ಮಿಲಿಆಂಪ್‌ವರೆಗೆ ಬೇರೆ ಇರಬಹುದು. ಆದ್ದರಿಂದ ಸುಮ್ನೆ ತೆಗೆದು ಹಾಕಿದರೆ ಆಗದು, ಬಯಾಸ್, ಅಂದರೆ ಸಿಗ್ನಲ್ ಇಲ್ಲದಾಗ ಅದು ನಿಲ್ಲುವ ಮಟ್ಟ, ಮತ್ತೆ ಹೊಂದಿಸಬೇಕು. ಕ್ಯಾಪ್ಸೂಲಿನ ಜಾಗದಲ್ಲಿ ಹಾಕಿದ ಕೆಪಾಸಿಟರ್ ಮೂಲಕ 1 ಕಿಲೊಹರ್ಟ್ಸ್ ಸೈನ್ ಕೊಡಿ. ಆಸಿಲೊಸ್ಕೋಪ್‌ನಲ್ಲಿ ಅಲೆ ಮೇಲೆ ಕೆಳಗೆ ಒಂದೇ ಸಲ ಕತ್ತರಿಸುವ ಹಾಗೆ ಸೋರ್ಸ್ ರೆಸಿಸ್ಟರ್ ಆರಿಸಿ. ಆಸಿಲೊಸ್ಕೋಪ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಸಾಮಾನು ತರಲು ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. ಗ್ರಾಂಟ್ ರೋಡ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಐಸೊಪ್ರೊಪೈಲ್, ಸೋಲ್ಡರ್, ಮೀಟರ್, ಕನೆಕ್ಟರ್, ಮಾಮೂಲಿ ಕೆಪಾಸಿಟರ್ ಅಲ್ಲಿ ತಗೊಳ್ಳಿ. ಆದರೆ ವರ್ಷಗಟ್ಟಲೆ ಬಿಸಿ ಅಂಗಡಿಯ ಡ್ರಾಯರಿನಲ್ಲಿ ಬಿದ್ದ ಎಲೆಕ್ಟ್ರೊಲಿಟಿಕ್ ಹೊಸದಾಗಿದ್ದೂ ಮುದಿಯಾಗಿರುತ್ತದೆ. ಮನೆಗೆ ತಂದು ಅಳೆಯದೆ ಹಾಕಬೇಡಿ. ಹಳೆಯ ನಂಬರಿನ ಎಫ್‌ಇಟಿ, ಗಿಗಾಓಮ್ ರೆಸಿಸ್ಟರ್‌ಗಳನ್ನು ಮಾತ್ರ ನಾನು ಅಧಿಕೃತ ವಿತರಕರಿಂದಲೇ ತರಿಸುತ್ತೇನೆ. ಬೇರೆ ತುಂಡಿನ ಮೇಲೆ ನಂಬರ್ ಅಚ್ಚು ಹೊಡೆದು ಮಾರುವುದು ಈ ವ್ಯಾಪಾರದಲ್ಲಿ ಇದೆ.

ವಾಲ್ವ್ ಮೈಕು ಇರುವವರಿಗೆ

ಇಲ್ಲಿ ಪ್ರಾಣದ ಮಾತು. ಯು 67ರ ಪವರ್ ಸಪ್ಲೈ ಸುಮಾರು 200 ವೋಲ್ಟ್ ಕೊಡುತ್ತದೆ, ಯು 47ರದ್ದು 105. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಅದು ಉಳಿದಿರುತ್ತದೆ. 10 ಕಿಲೊಓಮ್, 5 ವಾಟ್ ರೆಸಿಸ್ಟರನ್ನು ಚೆನ್ನಾಗಿ ಇನ್ಸುಲೇಟ್ ಮಾಡಿದ ತಂತಿಯಿಂದ ಹತ್ತು ಸೆಕೆಂಡ್ ತಾಗಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಸಪ್ಲೈ ಆನ್ ಇರುವಾಗ ಮೈಕಿನ ಕೇಬಲ್ ಎಳೆಯಬೇಡಿ.

ವಾಲ್ವ್ ಮೈಕಿನಲ್ಲಿ ಮೊದಲು ಮುದಿಯಾಗುವುದು ಹೆಚ್ಚಾಗಿ ಪವರ್ ಸಪ್ಲೈ. ಒಣಗಿದ ಫಿಲ್ಟರ್ ಕೆಪಾಸಿಟರ್ ಅಂದರೆ ಹಮ್. ತೀರ ಹಳೆಯ ಸಪ್ಲೈಗಳಲ್ಲಿ ತಟ್ಟೆ ತಟ್ಟೆ ಜೋಡಿಸಿದ ಸೆಲೆನಿಯಮ್ ರೆಕ್ಟಿಫೈಯರ್ ಇರಬಹುದು. ಅದು ಸುಟ್ಟರೆ ಬರುವ ಕೆಟ್ಟ ವಾಸನೆ ವಿಷ, ಕಿಟಕಿ ತೆರೆದು ಹೊರಗೆ ಬನ್ನಿ. 220 ವೋಲ್ಟ್‌ಗೆ ಕಟ್ಟಿದ ಜರ್ಮನ್ ಸಪ್ಲೈಯನ್ನು ನಮ್ಮ 230ಕ್ಕೆ ಹಾಕಿದರೆ ಯು 67ರಂಥ ಮೈಕಿನಲ್ಲಿ ವಾಲ್ವನ್ನು ಕಾಯಿಸುವ ಹೀಟರ್ 6.3ರ ಬದಲು 6.6 ವೋಲ್ಟ್ ಆಸುಪಾಸಿಗೆ ಹೋಗುತ್ತದೆ. ಮೈಕು ಜೋಡಿಸಿದ ಸ್ಥಿತಿಯಲ್ಲೇ ಅಳೆದು ಸರಿಮಾಡಿ. ಯು 47ರ ವಿಎಫ್ 14 ವಾಲ್ವ್ ತಯಾರಾಗುವುದು ನಿಂತೇ ಎಷ್ಟೋ ದಶಕ ಆಯಿತು. ಅದು ಇನ್ನೂ ಉಸಿರಾಡುತ್ತಿದ್ದರೆ ಅನಗತ್ಯವಾಗಿ ಕಿತ್ತು ಪರೀಕ್ಷೆ ಮಾಡುತ್ತಾ ಕೂರಬೇಡಿ.

ಮುಚ್ಚುವ ಮೊದಲು

ಪ್ರತಿ ಬದಲಾವಣೆಯ ಮೊದಲು ಮತ್ತು ಆಮೇಲೆ, ಅದೇ ಪ್ರಿಆಂಪ್, ಅದೇ ಗೇನ್‌ನಲ್ಲಿ ಒಂದು ನಿಮಿಷದ ಮೌನ ಮತ್ತು ಒಂದು ನಿಮಿಷದ ಮಾತು ರೆಕಾರ್ಡ್ ಮಾಡಿಡಿ. ಫೈಲಿನ ಹೆಸರಿನಲ್ಲೇ ತಾರೀಕು ಬರೆಯಿರಿ. ಮುಂದಿನ ಜೂನ್‌ನಲ್ಲಿ ಮೊದಲ ಮಳೆ ಬಿದ್ದ ವಾರ ಮತ್ತೆ ರೆಕಾರ್ಡ್ ಮಾಡಿ, ಪಕ್ಕಪಕ್ಕ ಇಟ್ಟು ಕೇಳಿ.

ತೆಗೆದ ಹಳೆಯ ಭಾಗಗಳನ್ನು ಒಂದು ಸಣ್ಣ ಕವರಿಗೆ ಹಾಕಿ. ಯಾವ ಜಾಗದ್ದು, ಯಾವತ್ತು ತೆಗೆದದ್ದು, ಅಳತೆ ಎಷ್ಟಿತ್ತು, ಬದಲಿಗೆ ಏನು ಹಾಕಿದಿರಿ ಅಂತ ಅದರ ಮೇಲೆ ಬರೆದು ಮೈಕಿನ ಪೆಟ್ಟಿಗೆಯಲ್ಲೇ ಇಡಿ. ಮೈಕು ಮಾರುವ ದಿನ ಬಂದರೆ ಆ ಕವರೂ ಅದರ ಜೊತೆಗೇ ಹೋಗಲಿ.